ಗುಳುಗುಳು ಸಿಸ್ಟರ್

ಸಿಸ್ಟರ್ ನಿವೃತ್ತರಾಗಿ ಮೂರು ವಾರ ಕಳೆದಿತ್ತು, ಅವರ ಫೋನು ಬಂತು.

“ಡಾಕ್ಟ್ರಮ್ಮ, ನಮ್ ತಮ್ಮ ಒಂದು ಮೀನಿನ ತೊಟ್ಟಿ ತಂದು ನಡುಮನೇಲಿ ಮಡಗವ್ನೆ. ಅದ್ರೊಳಗೆ ಒಂದ್ ಪೈಪು. ಮೂರೊತ್ತೂ ಗುಳುಗುಳು ಅಂತೈತೆ. ನಂಗೆ ನೆಮ್ದಿಯಾಗಿ ಒಂದ್ ತುತ್ತು ತಿನ್ನಕ್ಕಾಯ್ತಿಲ್ಲ. ಸದ್ದು ಚೂರು ಬದಲಾದ್ರೆ ಸಾಕು, ತಟ್ಟೆ ಬುಟ್ಟು ಎದ್ದು ಓಡ್ತೀನಿ. ಮನೇವ್ರೆಲ್ಲ ನಗ್ತಾವ್ರೆ.”

“ಮೀನುಗಳು ಹೇಗಿವೆ?” ಅಂದೆ.

“ಅವುಕ್ಕೇನು, ಚೆನ್ನಾಗವೆ. ಪೈಪೇ ಸರಿಯಾಗಿರ್ಲಿಲ್ಲ. ಕೆಳಕ್ ಇಳಿಸ್ದೆ.”

ನಾನು ಬಿದ್ದು ಬಿದ್ದು ನಕ್ಕೆ. ಫೋನಿಟ್ಟವಳೇ ಪೆನ್ನು ತೆಗೆದೆ. ಹನ್ನೊಂದು ವರ್ಷ ಜೊತೆಗೆ ಕೆಲಸ ಮಾಡಿದವರು; ಅದರಲ್ಲಿ ಮೊದಲ ಒಂದು ವರ್ಷ ಬರೀ ಜಗಳ. ಅವರಿಲ್ಲದ ವಾರ್ಡಿಗೆ ಬೆಳಿಗ್ಗೆ ಕಾಲಿಟ್ಟರೆ ಯಾರೋ ಏನನ್ನೋ ಕದ್ದುಕೊಂಡು ಹೋದ ಹಾಗೆ ಅನ್ನಿಸುತ್ತದೆ. ಅದಕ್ಕೇ ಈ ನಾಲ್ಕು ಪುಟ. ಹೆಸರು ಬರೆಯುವುದಿಲ್ಲ. ಬರೆದರೆ “ನಂದೇನ್ ಮೆರವಣಿಗೆ ಮಾಡ್ತಿದ್ದೀರಾ?” ಎಂದು ಅದೇ ಫೋನಿನಲ್ಲಿ ಬೈಯುತ್ತಾರೆ, ಆ ಬೈಗುಳ ಕೇಳಿಸಿಕೊಂಡವರಿಗೇ ಗೊತ್ತು.

ಆರ್.ಟಿ. ನಗರದ ಒಂದು ಅಡ್ಡರಸ್ತೆಯಲ್ಲಿ, ಕೆಳಗೆ ಮೆಡಿಕಲ್ ಶಾಪು, ಎದುರಿಗೆ ಬೇಕರಿ, ನಡುವೆ ಆಟೋಗಳ ಗಲಾಟೆ ಇರುವ ಚಿಕ್ಕ ಹೆರಿಗೆ ಆಸ್ಪತ್ರೆ ನಮ್ಮದು. ಮೊದಲ ಮಹಡಿಯಲ್ಲಿ ನಾಲ್ಕು ತೊಟ್ಟಿಲಿನ ಶಿಶು ವಾರ್ಡು. ವಿಮಾನ ನಿಲ್ದಾಣ ದೇವನಹಳ್ಳಿಗೆ ಹೋದ ಆ ವರ್ಷ ನಾನು ಮಕ್ಕಳ ಡಾಕ್ಟರಾಗಿ ಅಲ್ಲಿಗೆ ಸೇರಿದೆ. ಎಂ.ಡಿ. ಮುಗಿದು ಇನ್ನೂ ಬಿಸಿ ಆರಿರಲಿಲ್ಲ. ಮೂಗಿನ ಮೇಲೇ ಕೋಪ. ಅವರು ಆಗಲೇ ಐವತ್ತರ ಹತ್ತಿರದ ಹಿರಿಯ ನರ್ಸು. ಆಸ್ಪತ್ರೆಯಲ್ಲಿ ಎಂಟು ಜನ ಸಿಸ್ಟರುಗಳಿದ್ದರೂ ಸುಮ್ಮನೆ ‘ಸಿಸ್ಟರ್’ ಎಂದರೆ ಅವರೊಬ್ಬರೇ.

ನಮ್ಮಲ್ಲಿ ವೆಂಟಿಲೇಟರ್ ಇರಲಿಲ್ಲ. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗು ಉಸಿರಿಗೆ ಒದ್ದಾಡಿತು ಎಂದರೆ ಆಂಬುಲೆನ್ಸ್ ಕರೆಸಿ ದೊಡ್ಡ ಆಸ್ಪತ್ರೆಗೆ ಕಳಿಸುವುದೊಂದೇ ದಾರಿ. ಮೇಖ್ರಿ ಸರ್ಕಲ್‌ನ ಟ್ರಾಫಿಕ್ ದಾಟುವಷ್ಟರಲ್ಲಿ ಏನು ಬೇಕಾದರೂ ಆಗಬಹುದಿತ್ತು, ಆಗುತ್ತಲೂ ಇತ್ತು. ಹೀಗಿರುವಾಗ ನಮ್ಮ ಆಸ್ಪತ್ರೆಯ ಯಜಮಾನರು, ನಾವೆಲ್ಲ ದೊಡ್ಡ ಡಾಕ್ಟರು ಅನ್ನುವವರು, ಸಿಪ್ಯಾಪ್ ತರಿಸಿದರು. ಅದು ಗಂಟಲಿಗೆ ಕೊಳವೆ ಇಳಿಸದೆ ಮಗುವಿನ ಉಸಿರಿಗೆ ಆಸರೆ ಕೊಡುವ ವ್ಯವಸ್ಥೆ. ಮೂಗಿನ ಹೊಳ್ಳೆಗಳಿಗೆ ಎರಡು ಮೆತ್ತನೆಯ ಪುಟ್ಟ ಕೊಳವೆ. ಅದರಲ್ಲಿ ಸದಾ ಹರಿಯುವ ಬೆಚ್ಚನೆಯ ಗಾಳಿ. ಗಾಳಿ ಹೊರಹೋಗುವ ಪೈಪಿನ ತುದಿ ಒಂದು ನೀರಿನ ಬಾಟಲಿಯಲ್ಲಿ ಮುಳುಗಿರುತ್ತದೆ. ತುದಿಯ ಮೇಲೆ ಎಷ್ಟು ಸೆಂಟಿಮೀಟರ್ ನೀರಿದೆಯೋ ಅಷ್ಟು ಒತ್ತಡ ಮಗುವಿನ ಎದೆಗೆ ಸಿಗುತ್ತದೆ. ಗಾಳಿ ನೀರು ಸೀಳಿ ಬರುವಾಗ ಗುಳುಗುಳು ಸದ್ದು.

ಇದನ್ನು ಕಲಿಯಲು ಸಿಸ್ಟರನ್ನು ಎರಡು ವಾರ ದೊಡ್ಡ ಆಸ್ಪತ್ರೆಯೊಂದಕ್ಕೆ ಕಳಿಸಿದ್ದರು. ವಾಪಸು ಬಂದವರೇ ನನಗೆ ವರದಿ ಒಪ್ಪಿಸಿದರು.

“ಈ ಮಿಷನ್‌ನಾಗೆ ಮಿಷನ್ನೇ ಇಲ್ಲ ಡಾಕ್ಟ್ರಮ್ಮ. ಒಂದ್ ಬಾಟ್ಲಿ, ಒಂದ್ ಪೈಪು, ಪಕ್ಕದಾಗೆ ಕೂತ್ಕಳಕ್ಕೆ ಒಬ್ಬ ಮನ್ಸ.”

‘ಸಿಪ್ಯಾಪ್’ ಎಂಬ ಹೆಸರು ಅವರ ಬಾಯಲ್ಲಿ ಒಂದು ದಿನವೂ ಬರಲಿಲ್ಲ. ‘ಗುಳುಗುಳು’ ಎಂದೇ ಕರೆದರು. “ಈ ಕೂಸಿಗೆ ಗುಳುಗುಳು ಆಕ್‌ಬುಡಾಣ” ಎನ್ನುತ್ತಿದ್ದರು. ಮೊದಮೊದಲು ನನಗೆ ಮೈ ಉರಿಯುತ್ತಿತ್ತು. ವೈದ್ಯಕೀಯ ಪದ ಬಳಸಿ ಎಂದು ಪಾಠ ಮಾಡಿದೆ. “ಆಯ್ತು” ಅಂದರು. ಆರು ತಿಂಗಳಲ್ಲಿ ದೊಡ್ಡ ಡಾಕ್ಟರೇ ರೌಂಡ್ಸಿನಲ್ಲಿ “ಗುಳುಗುಳು ಎಷ್ಟರಲ್ಲಿದೆ?” ಎಂದು ಕೇಳತೊಡಗಿದರು. ನಾನು ಸೋತೆ. ಸೋತದ್ದು ಅದೊಂದರಲ್ಲೇ ಅಲ್ಲ.

ತಾಯಂದಿರಿಗೆ ಅವರು ವಿವರಿಸುತ್ತಿದ್ದ ರೀತಿಯನ್ನು ಆಮೇಲೆ ನಾನೂ ಕದ್ದೆ. ನಾನು ಗಾಳಿಗೂಡು, ಒತ್ತಡ ಎಂದು ಶುರು ಮಾಡಿದರೆ ಎದುರಿಗಿದ್ದವರ ಕಣ್ಣು ಮಂಕಾಗುತ್ತಿತ್ತು. ಅವರು ಜೇಬಿನಿಂದ ಒಂದು ತೆಳು ಪ್ಲಾಸ್ಟಿಕ್ ಕವರ್ ತೆಗೆಯುತ್ತಿದ್ದರು.

“ತರಕಾರಿ ಅಂಗ್ಡೀಲಿ ಕೊಡ್ತಾರಲ್ಲ, ಇದೇಯ. ಒಸ ಕವರು ಎರಡೂ ಕಡೆ ಅಂಟ್ಕಂಡಿರ್ತದೆ. ಬೆರಳಾಗೆ ಉಜ್ಜಿ ಉಜ್ಜಿ ಬಾಯಿ ಬಿಡಿಸ್ಬೇಕು. ನಿಮ್ ಕೂಸಿನ ಎದೇನೂ ಇಂಗೇ ಅಂಟ್ಕತೈತೆ. ಪ್ರತಿ ಉಸ್ರಿಗೂ ಅದು ಮೊದ್ಲಿಂದ ಬಿಡಿಸ್ಬೇಕು. ಸುಸ್ತಾಗಲ್ವಾ? ಅದಕ್ಕೆ ನಾವು ಒಂದ್ಸಲ ಬಾಯಿ ಬಿಡಿಸಿ ಗಾಳಿ ತುಂಬಿ ಮಡಗ್ತೀವಿ, ಮತ್ತೆ ಮುಚ್ಕಳಕ್ಕೆ ಬುಡಲ್ಲ. ಉಸ್ರು ಮಾತ್ರ ಅದೇ ಎಳ್ಕಬೇಕು. ಅಷ್ಟೇಯ.”

ಆಮೇಲೆ ಆ ಕವರನ್ನು ಮಡಿಸಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಸಂಜೆ ಅದರಲ್ಲೇ ಮನೆಗೆ ಸೊಪ್ಪು.

ಅವರ ಕೆಲಸದ ರೀತಿ ನೋಡಿದವರಿಗೆ ಅವರು ಸೋಮಾರಿ ಅನ್ನಿಸಿದರೂ ತಪ್ಪಿಲ್ಲ. ತೊಟ್ಟಿಲುಗಳ ನಡುವೆ ಕಣ್ಣು ಮುಚ್ಚಿ, ಕೈ ಕಟ್ಟಿ ಕೂತುಬಿಡುತ್ತಿದ್ದರು. ಒಮ್ಮೆ ದೊಡ್ಡ ಡಾಕ್ಟರು ಯಾರೋ ಅತಿಥಿಗಳನ್ನು ಕರೆದುಕೊಂಡು ಬಂದರು. ನೋಡಿದರೆ ಇವರು ಈ ಭಂಗಿಯಲ್ಲಿ.

“ಏನ್ರೀ ಸಿಸ್ಟರ್, ನಿದ್ದೆನಾ?”

ಕಣ್ಣೂ ಬಿಡದೆ ಉತ್ತರ ಬಂತು. “ಮೂರ್ನೇ ತೊಟ್ಲು ಬಾಯಿ ಬುಟ್ಟೈತೆ ಸರ್, ಗಾಳಿ ಸೋರ್ತೈತೆ. ನೀವ್ ಅಡ್ಡ ನಿಂತಿದ್ದೀರಿ. ಪಕ್ಕಕ್ ಬಂದ್ರೆ ಮುಚ್ತೀನಿ.”

ಮೂರನೇ ತೊಟ್ಟಿಲಿನ ಮಗು ನಿಜವಾಗಿಯೂ ಬಾಯಿ ತೆರೆದಿತ್ತು. ಬಾಯಿ ತೆರೆದರೆ ಗಾಳಿ ಅಲ್ಲಿಂದಲೇ ಸೋರಿ ಬಾಟಲಿಯ ಸದ್ದು ಸೊರಗುತ್ತದೆ. ನಾಲ್ಕು ಬಾಟಲಿಗಳಲ್ಲಿ ಯಾವುದು ಸೊರಗಿತು ಎಂಬುದು ಅವರಿಗೆ ಕಿವಿಯಲ್ಲೇ ಗೊತ್ತಾಗುತ್ತಿತ್ತು. ನಾನು ಯಾರ ಮೇಲಾದರೂ ಕಿರುಚಾಡಿದರೆ ಅವರ ಆಕ್ಷೇಪಣೆ ಒಂದೇ. “ಮೆಲ್ಲಗೆ ಡಾಕ್ಟ್ರಮ್ಮ, ಬಾಟ್ಲಿ ಕೇಳಿಸ್ತಿಲ್ಲ.” ಸಭ್ಯವಾಗಿ ಬಾಯಿ ಮುಚ್ಚು ಎಂದು ಇದಕ್ಕಿಂತ ಚೆನ್ನಾಗಿ ನನಗೆ ಯಾರೂ ಹೇಳಿಲ್ಲ.

ಇನ್ನೊಂದು ಅವರ ಹಟ, ಮೂಗು. ಆ ಪುಟ್ಟ ಕೊಳವೆಗಳು ಹೊಳ್ಳೆಗಳ ನಡುವಿನ ತೆಳು ಚರ್ಮಕ್ಕೆ ಒತ್ತಿದರೆ ಹುಣ್ಣಾಗುತ್ತದೆ. ಎರಡೆರಡು ಗಂಟೆಗೆ ಟಾರ್ಚ್ ಹಿಡಿದು ನೋಡುತ್ತಿದ್ದರು, ಒಂದು ಕೂದಲೆಳೆ ದೂರ ಇರಬೇಕು ಎಂದು ಸರಿಸುತ್ತಿದ್ದರು. ಹೊಸ ನರ್ಸುಗಳಿಗೆ ಇದರಲ್ಲೇ ಪರೀಕ್ಷೆ. ಚೂರು ಕೆಂಪಾದರೂ ಮುಗಿಯಿತು. “ಉಸ್ರು ಕೊಟ್ಟು ಮೂಗು ಕಿತ್ಕಂಡ್ರೆ ಏನಮ್ಮಿ ಬಂತು? ನಾಳೆ ಮದುವೆ ಮನೇಲಿ ಈ ಎಣ್ಣು ಮೂಗುಬೊಟ್ಟು ಎಲ್ಲಿ ಆಕ್ಕಬೇಕು?” ಒಂದೂವರೆ ಕೆಜಿ ಇಲ್ಲದ ಮಗು, ಬದುಕುತ್ತದೋ ಇಲ್ಲವೋ ಎಂದು ನಾವೆಲ್ಲ ತಲೆ ಮೇಲೆ ಕೈ ಹೊತ್ತಿರುವಾಗ ಇವರು ಅದರ ಮದುವೆ ಮನೆಗೆ ಹೋಗಿ ಬಂದಿರುತ್ತಿದ್ದರು. ಆ ಧೈರ್ಯ ಎಲ್ಲಿಂದ ತರುತ್ತಿದ್ದರೋ, ನನಗಂತೂ ಅದು ಔಷಧಿಯ ಹಾಗೆ ಕೆಲಸ ಮಾಡುತ್ತಿತ್ತು.

ಅವರದು ಯಲಹಂಕ ಕಡೆಯ ಹಳೇ ಹಳ್ಳಿ. ಮೊದಲು ರಾಗಿ, ದ್ರಾಕ್ಷಿ ಬೆಳೆಯುತ್ತಿದ್ದ ಮನೆ. ತಮ್ಮಂದಿರು ಈಗ ಅದೇ ಹೊಲದ ಮೇಲೆ ಅಪಾರ್ಟ್‌ಮೆಂಟ್ ಎಬ್ಬಿಸಿದ ಬಿಲ್ಡರುಗಳು. ಅಕ್ಕ ಇನ್ನೊಬ್ಬರ ಮಕ್ಕಳ ಮೂಗು ಒರೆಸಲು ಬಸ್ಸಿನಲ್ಲಿ ನೇತಾಡಿಕೊಂಡು ಹೋಗುತ್ತಾಳೆ ಎಂಬುದು ಅವರಿಗೆ ದೊಡ್ಡ ಅವಮಾನ. ಕಿರಿಯ ತಮ್ಮ ಒಂದು ಸಲ ಕಾರು ತಂದು ನಮ್ಮ ಅಡ್ಡರಸ್ತೆಗೆ ನುಗ್ಗಿಸಿ, ಹಿಂದೆ ಮುಂದೆ ಆಟೋದವರೆಲ್ಲ ಹಾರ್ನ್ ಹೊಡೆಯುತ್ತಿರುವಾಗ ಮೇಲೆ ಬಂದ. “ಸಾಕು ಬಾರಕ್ಕ, ನಿಂಗೇನ್ ಕಮ್ಮಿ ಆಗೈತೆ?” ಅಂದ.

“ನೀನ್ ಒಂದಿನ ಸೈಟಿಗೆ ಓಗ್ದಿದ್ರೆ ಏನಾಯ್ತದ್ಲಾ?” ಎಂದು ಇವರು ಕೇಳಿದರು.

“ಏನಾಯ್ತದೆ, ಗೋಡೆ ನಾಳೆ ಕಟ್ತಾರೆ.”

“ಊಂ. ಇಲ್ಲಿ ನಾಳೆ ಅನ್ನೋದಿಲ್ಲ. ಕಾರ್ ತೆಗಿ, ಆಟೋದವ್ರು ಬಯ್ತಾವ್ರೆ.”

ಇಷ್ಟಾದರೂ ತಮ್ಮಂದಿರೆಂದರೆ ಪ್ರಾಣ. ಅದಕ್ಕೇ, ನಾನು ಸೇರಿದ ಎರಡನೇ ವರ್ಷ, ಆ ಕಿರಿಯ ತಮ್ಮ ಹೊಸ ಜೆಸಿಬಿ ತಂದು “ಆಯುಧ ಪೂಜೆಗೆ ನೀನೇ ಆರತಿ ಎತ್ಬೇಕು” ಎಂದು ಹಟ ಹಿಡಿದಾಗ ರಜೆ ಹಾಕಿದರು. ಅವರು ಹಬ್ಬಕ್ಕೆ ರಜೆ ಹಾಕಿದ್ದನ್ನು ಅದಕ್ಕೆ ಮೊದಲು ಆಸ್ಪತ್ರೆಯಲ್ಲಿ ಯಾರೂ ಕಂಡಿರಲಿಲ್ಲ.

ಆಗ ನಮ್ಮ ವಾರ್ಡಿನಲ್ಲಿ ಶಾಹೀನಳ ಮಗಳಿದ್ದಳು. ಶಾಹೀನ್ ಹಿಂದಿನ ಬೀದಿಯವಳೇ. ಗಂಡ ಸ್ಕೂಲ್ ಯೂನಿಫಾರ್ಮ್ ಹೊಲಿಯುವ ಟೈಲರ್. ಏಳು ತಿಂಗಳಿಗೆ ಹುಟ್ಟಿದ ಮಗು, ಒಂದೂಕಾಲು ಕೆಜಿ. ಹುಟ್ಟಿದ ಗಳಿಗೆಯಿಂದ ಪಕ್ಕೆಲುಬು ಒಳಸೇದಿ ನರಳುತ್ತಿತ್ತು. ಇದಕ್ಕೂ ಹಿಂದಿನ ವರ್ಷ ಅವಳಿಗೆ ಹೀಗೇ ಬೇಗ ಒಂದು ಗಂಡುಮಗು ಹುಟ್ಟಿತ್ತಂತೆ, ಬೇರೆ ಕಡೆ. ದೊಡ್ಡ ಆಸ್ಪತ್ರೆಗೆ ಸಾಗಿಸುವಾಗ ಆಂಬುಲೆನ್ಸಿನಲ್ಲೇ ಹೋಗಿಬಿಟ್ಟಿತ್ತು. ಹೆರಿಗೆಯಾದ ಎರಡನೇ ದಿನ ಗೋಡೆ ಹಿಡಿದುಕೊಂಡು ಬಂದು ನನ್ನ ಕೈ ಹಿಡಿದಳು. “ಏನ್ ಬೇಕಾದ್ರೂ ಮಾಡಿ ಡಾಕ್ಟರ್. ಆ ಗಾಡೀಲಿ ಮಾತ್ರ ಇವಳನ್ನ ಕಳಿಸ್ಬೇಡಿ.”

ನಾನು ಮಾತು ಕೊಡಲಿಲ್ಲ. ಡಾಕ್ಟರುಗಳು ಹಾಗೆಲ್ಲ ಮಾತು ಕೊಡಬಾರದು. ಸಿಸ್ಟರ್ ಕೊಟ್ಟರು. “ಇಲ್ಲೇ ಇರ್ತಾಳೆ ಬುಡವ್ವ.”

ವಾರ್ಡಿನ ಬಾಗಿಲಾಚೆ ಒಂದು ಬೆಂಚು. ಶಾಹೀನ್ ದಿನವೆಲ್ಲ ಅಲ್ಲೇ. ಹಾಲು ಹಿಂಡಿ ಕೊಡಲು, ದಿನಕ್ಕೆರಡು ಸಲ ಮಗು ಮುಟ್ಟಿ ಬರಲು ಒಳಗೆ ಬಿಡುತ್ತಿದ್ದೆವು. ಉಳಿದ ಹೊತ್ತು ಬಾಗಿಲು ಸಂದಿಯಿಂದ ಬರುವ ಸದ್ದು ಕೇಳಿಕೊಂಡು ಕೂತಿರುತ್ತಿದ್ದಳು. ಊಟಕ್ಕೆ ಏಳು ಎಂದರೆ, “ಆ ಆವಾಜ್ ಬರ್ತಾ ಇದ್ರೆ ಬಚ್ಚಿ ಇದಾಳೆ ಅಂತ ಧೈರ್ಯ, ದೂರ ಹೋದ್ರೆ ಕೇಳಿಸಲ್ಲ” ಅನ್ನುತ್ತಿದ್ದಳು. ಐದು ದಿನಕ್ಕೆ ಮಗು ಒಂದು ಹದಕ್ಕೆ ಬಂದಿತ್ತು. ಒತ್ತಡ ಆರು, ಎದೆ ಮೊದಲಿನಷ್ಟು ಗುಳಿ ಬೀಳುತ್ತಿರಲಿಲ್ಲ. ಆಯುಧ ಪೂಜೆಯ ಹಿಂದಿನ ಸಂಜೆ ಸಿಸ್ಟರ್ ಹೊರಡುವಾಗ ಮೂರು ಸಲ ಹೇಳಿದರು. “ಆರಕ್ಕೇ ಇರ್ಲಿ ಡಾಕ್ಟ್ರಮ್ಮ. ಇಳಿಸ್ಬ್ಯಾಡಿ.”

“ನಾನೇನು ದನ ಕಾಯೋಕೆ ಓದಿದ್ನಾ?” ಅಂದೆ. ಅಂದದ್ದು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಶಿಶು ವಾರ್ಡಿನ ಪೂಜೆಗೆ ಸಿಸ್ಟರದೇ ಒಂದು ಕಾನೂನಿತ್ತು. ಹೂವು, ಕುಂಕುಮ, ಊದುಬತ್ತಿ ಎಲ್ಲ ಬಾಗಿಲ ಹೊಸ್ತಿಲಿಗೆ. ಒಳಗೆ ಸೋಪು, ನೀರು, ಒರೆಸುವ ಬಟ್ಟೆ. “ಒಳಗಿನ್ ದೇವ್ರಿಗೆ ಶುದ್ಧ ಇದ್ರೆ ಸಾಕು” ಎನ್ನುತ್ತಿದ್ದರು. ಆದರೆ ಆ ದಿನ ಅವರಿರಲಿಲ್ಲ. ವಾರ್ಡಿನ ಆಯಾ ಗೌರಮ್ಮ ಬೆಳಿಗ್ಗೆಯೇ ಎಲ್ಲ ಫಳಫಳ ಮಾಡಿದ್ದಳು. ಶಾಹೀನಳ ಮಗುವಿನ ಬಾಟಲಿ ಕೂಡ ತೊಳೆದಿದ್ದಳು. ಬಾಟಲಿಯ ಹೊರಮೈಗೆ ಅಂಟಿಸಿದ ಪ್ಲಾಸ್ಟರ್ ಪಟ್ಟಿಯ ಮೇಲೆ ಸಿಸ್ಟರ್ ಪೆನ್ನಿನಲ್ಲಿ ಗೆರೆ ಎಳೆದು ಅಳತೆ ಬರೆದಿರುತ್ತಿದ್ದರು. ನೀರು ಆ ಆರನೇ ಗೆರೆಗೆ ಬಂದರೆ ಒತ್ತಡ ಆರು. ಹಳೇ ಪಟ್ಟಿ ಕೊಳೆಯಾಗಿ ಅಂಚು ಎದ್ದಿತ್ತು. ಗೌರಮ್ಮ ಅದನ್ನು ಕಿತ್ತು, ಅದರ ಪಕ್ಕಕ್ಕೇ ಹಿಡಿದು ಹೊಸ ಪಟ್ಟಿಗೆ ಅಷ್ಟೇ ಗೆರೆ ಎಳೆದು ಅಂಟಿಸಿದಳು. ಒಂದು ಗೆರೆಯೂ ಹೆಚ್ಚುಕಮ್ಮಿ ಇಲ್ಲ.

ನಾನು ಹತ್ತು ಗಂಟೆಗೆ ನೋಡಿದಾಗ ನೀರು ಆರನೇ ಗೆರೆಗೆ ಸರಿಯಾಗಿತ್ತು, ಗುಳುಗುಳು ಜೋರಾಗಿತ್ತು. ಚಾರ್ಟಿನಲ್ಲಿ ಆರು ಎಂದು ಬರೆದು ಸಹಿ ಹಾಕಿದೆ.

ಹನ್ನೊಂದಕ್ಕೆ ಮಗು ನರಳತೊಡಗಿತು. ಹನ್ನೊಂದೂವರೆಗೆ ಎದೆ ಮತ್ತೆ ಗುಳಿ ಬೀಳತೊಡಗಿತು. ಆಮ್ಲಜನಕ ಹೆಚ್ಚಿಸಿದೆ; ಆದರೂ ರಕ್ತದ ಆಮ್ಲಜನಕ ತೋರಿಸುವ ಮಾನಿಟರಿನ ಅಂಕಿ ತೊಂಬತ್ತರಿಂದ ಎಂಬತ್ತರ ಕಡೆ ಜಾರಿತು. ಮೂಗು ನೋಡಿದೆ, ಕೊಳವೆ ನೋಡಿದೆ, ಬಾಯಿ ಮುಚ್ಚಿ ಹಿಡಿದೆ, ಎದೆಗೆ ಸ್ಟೆತಾಸ್ಕೋಪ್ ಇಟ್ಟೆ. ಎಲ್ಲ ಸರಿ ಇದ್ದಂತಿತ್ತು. ಬಾಟಲಿಯಂತೂ ಯಾವತ್ತಿಗಿಂತ ಚೆನ್ನಾಗಿ ಸದ್ದು ಮಾಡುತ್ತಿತ್ತು. ಸಿಪ್ಯಾಪ್ ಕೈಕೊಟ್ಟಿತು, ವೆಂಟಿಲೇಟರ್ ಬೇಕೇ ಬೇಕು ಎಂದು ತೀರ್ಮಾನಿಸಿದೆ. ದೊಡ್ಡ ಆಸ್ಪತ್ರೆಗೆ ಫೋನು ಮಾಡಿದೆ. ಒಂದು ಗಂಟೆಯೊಳಗೆ ಬಂದರೆ ಬೆಡ್ ಇಟ್ಟಿರುತ್ತೇವೆ ಅಂದರು. ಆಂಬುಲೆನ್ಸ್ ಬಂತು. ಆಗಷ್ಟೇ ಪೂಜೆ ಮುಗಿಸಿಕೊಂಡ ಗಾಡಿ. ಮುಂದೆ ಎರಡು ಬಾಳೆಕಂದು, ಗಾಜಿನ ತುಂಬ ಚೆಂಡುಹೂವಿನ ಹಾರ. ಶಾಹೀನಳ ಗಂಡ ಫೈಲು ಎದೆಗವಚಿಕೊಂಡು ಮುಂದಿನ ಸೀಟಿನಲ್ಲಿ ಕೂತಿದ್ದ. ಶಾಹೀನ್ ಮಾತ್ರ ಬೆಂಚಿನಿಂದ ಎದ್ದಿರಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳು ಕೂಗಾಡಿದ್ದರೆ ನನಗೆ ಎಷ್ಟೋ ವಾಸಿಯಿತ್ತು.

ಆ ಹೊತ್ತಿಗೆ ಸಿಸ್ಟರ್ ಬಂದರು. ಯಾರೂ ಕರೆದಿರಲಿಲ್ಲ. ಜೆಸಿಬಿಗೆ ಆರತಿ ಎತ್ತಿ, ಪುರಿ ಕಡ್ಲೆಯ ಚೀಲ ಹಿಡಿದು, ಹಸಿರು ರೇಷ್ಮೆ ಸೀರೆಯಲ್ಲಿ, ಮುಡಿ ತುಂಬ ಮಲ್ಲಿಗೆ. ನಮಗೆಲ್ಲ ಪ್ರಸಾದ ಹಂಚಿ ಹೋಗೋಣ ಎಂದು ತಮ್ಮನ ಕಾರನ್ನೇ ಈ ಕಡೆ ತಿರುಗಿಸಿಕೊಂಡು ಬಂದಿದ್ದರಂತೆ. ಬಾಗಿಲಲ್ಲೇ ನಿಂತರು.

“ಯಾವ ಬಾಟ್ಲಿ ಡಾಕ್ಟ್ರಮ್ಮ ಅದು? ಅದ್ಯಾಕ್ ಅಂಗ್ ಮ್ಯಾಲ್ ಮ್ಯಾಲೆ ಕುದೀತೈತೆ?”

“ಆರಕ್ಕೇ ಇದೆ ಸಿಸ್ಟರ್. ನಾನೇ ನೋಡಿದೀನಿ.”

“ಆರಿನ್ ಸದ್ದಲ್ಲ ಅದು.”

ಬಳೆ, ಉಂಗುರ ಕಳಚಿ ಗೌರಮ್ಮನ ಕೈಗೆ ಕೊಟ್ಟರು. ಮೊಣಕೈತನಕ ಕೈ ತೊಳೆದು, ರೇಷ್ಮೆ ಸೀರೆಯ ಮೇಲೇ ಗೌನು ಹಾಕಿಕೊಂಡು ಬಂದರು. ಬಾಟಲಿಯನ್ನು ಕಣ್ಣಿನ ಮಟ್ಟಕ್ಕೆ ಬಗ್ಗಿ ನೋಡಿದರು. ಅದರ ಕೊರಳ ಹತ್ತಿರ, ಅಚ್ಚುಕಟ್ಟಾಗಿ, ಒಂದು ಅರಿಶಿನದ ಪಟ್ಟೆ, ನಡುವೆ ಕುಂಕುಮದ ಬೊಟ್ಟು. ಆ ಬೊಟ್ಟಿಗೆ ಜಾಗ ಮಾಡಲು ಪ್ಲಾಸ್ಟರ್ ಪಟ್ಟಿ ಎರಡು ಬೆರಳು ಕೆಳಗೆ ಬಂದಿತ್ತು. ಪಟ್ಟಿಯ ಜೊತೆ ಆರನೇ ಗೆರೆಯೂ ಕೆಳಗಿಳಿದಿತ್ತು, ಗೆರೆ ನಂಬಿ ತುಂಬಿದ ನೀರೂ ಇಳಿದಿತ್ತು. ಸಿಸ್ಟರ್ ಮೇಜಿನ ಡ್ರಾಯರಿನಿಂದ ಸ್ಟೀಲ್ ಸ್ಕೇಲ್ ತೆಗೆದು ಬಾಟಲಿಯ ಪಕ್ಕ ಹಿಡಿದರು.

“ಮೂರು” ಅಂದರು.

ಎರಡು ಗಂಟೆಗಳಿಂದ ಆ ಮಗು ಅರ್ಧ ಆಸರೆಯಲ್ಲಿ ಒದ್ದಾಡುತ್ತಿತ್ತು. ನಾನು ಪಕ್ಕದಲ್ಲೇ ನಿಂತಿದ್ದೆ.

ಸಿಸ್ಟರ್ ನೀರು ಸುರಿಯುತ್ತಾ ಹೋದರು, ಸ್ಕೇಲಿನಲ್ಲಿ ಆರು ಬರುವವರೆಗೆ. ಸದ್ದು ತಗ್ಗಿತು, ದಪ್ಪವಾಯಿತು. ಕೆಳಗೆ ಆಂಬುಲೆನ್ಸ್ ಹಾರ್ನ್ ಹೊಡೆಯಿತು.

“ಅರ್ಧ ಗಂಟೆ ಕೊಡಿ ಡಾಕ್ಟ್ರಮ್ಮ.”

“ಬೆಡ್ ಹೋಗಿಬಿಡುತ್ತೆ ಸಿಸ್ಟರ್. ಆಮೇಲೆ ಎಲ್ಲಿ ಅಂತ ಹೋಗೋದು?”

“ಗೊತ್ತು. ನೀವ್ ಯೋಳ್ದಂಗೆ. ನಾನ್ ಕೇಳ್ದೆ, ಅಷ್ಟೇಯ.”

ಇದು ನನ್ನ ತೀರ್ಮಾನ. ಕಾದು ಮಗು ಸುಧಾರಿಸದಿದ್ದರೆ ಬೆಡ್ಡೂ ಇಲ್ಲ, ಹೊತ್ತೂ ಇಲ್ಲ. ಕಳಿಸಿದರೆ ಹಬ್ಬದ ದಿನ, ರಸ್ತೆ ತುಂಬ ಅಲಂಕಾರ ಮಾಡಿಕೊಂಡ ಲಾರಿಗಳು, ಮೇಖ್ರಿ ಸರ್ಕಲ್. ನಾನು ಆ ಕ್ಷಣ ನಂಬಿದ್ದು ಯಾವ ಪುಸ್ತಕವನ್ನೂ ಅಲ್ಲ, ಬಾಗಿಲಲ್ಲಿ ನಿಂತು ಮೂರಕ್ಕೂ ಆರಕ್ಕೂ ವ್ಯತ್ಯಾಸ ಕೇಳಿಸಿಕೊಂಡ ಆ ಕಿವಿಯನ್ನು. “ಕಾಯೋಣ” ಅಂದೆ.

ಸಿಸ್ಟರ್ ಮಗುವಿನ ಪಕ್ಕ ಕೂತು, ಎರಡು ಬೆರಳಲ್ಲಿ ಅದರ ಗಲ್ಲ ಮೆತ್ತಗೆ ಎತ್ತಿ ಬಾಯಿ ಮುಚ್ಚಿ ಹಿಡಿದರು. ಕಣ್ಣು ಮುಚ್ಚಿದರು. ನಾನು ಅಂಕಿ ನೋಡುತ್ತಿದ್ದೆ. ಎಂಬತ್ತಮೂರು. ಎಂಬತ್ತಮೂರು. ಎಂಬತ್ತನಾಲ್ಕು. ಹತ್ತು ನಿಮಿಷಕ್ಕೆ ನರಳಿಕೆ ನಿಂತಿತು. ಹದಿನೈದಕ್ಕೆ ಎಂಬತ್ತೊಂಬತ್ತು. ಇಪ್ಪತ್ತೈದು ನಿಮಿಷಕ್ಕೆ ಪಕ್ಕೆಲುಬುಗಳ ನಡುವಿನ ಗುಳಿ ತುಂಬಿಕೊಂಡು ಮಗು ಆಕಳಿಸಿತು. ನಾನು ಕಿಟಕಿಯಿಂದ ತಲೆ ಹಾಕಿ ಆಂಬುಲೆನ್ಸಿನವನಿಗೆ ಹೋಗು ಎಂದು ಕೈಸನ್ನೆ ಮಾಡಿದೆ.

ಮೂಲೆಯಲ್ಲಿ ಗೌರಮ್ಮ ಅಳುತ್ತಿದ್ದಳು. “ಆ ಮಗೂಗೆ ಒಳ್ಳೇದಾಗ್ಲಿ ಅಂತ ಇಟ್ಟೆ ಸಿಸ್ಟರ್, ಬೇರೆ ಯಾವ್ದಕ್ಕೂ ಇಡ್ಲಿಲ್ಲ.”

ನನ್ನ ನಾಲಿಗೆಯ ತುದಿಗೆ ಬಂದದ್ದನ್ನು ಇಲ್ಲಿ ಬರೆಯುವುದಿಲ್ಲ. ಸಿಸ್ಟರ್ ಮೊದಲೇ ತಡೆದರು. “ಅವಳಿಗ್ ಓದಕ್ ಬರಲ್ಲ ಡಾಕ್ಟ್ರಮ್ಮ. ನಿಮಗ್ ಬತ್ತೈತೆ. ಸ್ಕೇಲ್ ಡ್ರಾಯರ್‌ನಾಗೇ ಇತ್ತು.” ಸ್ಕೇಲನ್ನು ಬಾಟಲಿಯ ಪಕ್ಕಕ್ಕಿಟ್ಟು, “ನಂದೂ ತಪ್ಪೇಯ. ಕಿತ್ತು ಬರೋ ಪಟ್ಟಿ ಮ್ಯಾಲೆ ಕೂಸಿನ್ ಜೀವ ಬರೀಬಾರ್ದಿತ್ತು” ಅಂದರು. ಆಮೇಲೆ, “ಕೆಳಗೋಗಿ ಅವರಪ್ಪಂಗೆ ಹೇಳ್ಬುಟ್ಟು ಬನ್ನಿ.”

“ಏನಂತ?”

“ಆದದ್ದನ್ನ.”

ನನಗೆ ಸಿಟ್ಟು ಬಂತು. ಮಗು ಸುಧಾರಿಸಿದೆ, ಯಾರಿಗೂ ಗೊತ್ತಿಲ್ಲ, ಈಗ ಹೇಳಿ ಯಾರಿಗೆ ಏನು ಲಾಭ ಅಂದೆ. ಅವರು ವಾದ ಮಾಡಲಿಲ್ಲ. ಎದ್ದು ನನ್ನ ಜೊತೆ ಮೆಟ್ಟಿಲಿಳಿದರು. ಅದು ಬೈಗುಳಕ್ಕಿಂತ ಕಷ್ಟವಾಗಿತ್ತು.

ಶಾಹೀನಳ ಗಂಡ ಆಂಬುಲೆನ್ಸಿನಿಂದಿಳಿದು ಮೆಟ್ಟಿಲ ಬುಡದಲ್ಲಿ ನಿಂತಿದ್ದ, ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು. ಅಂಗಡಿಯಿಂದ ಓಡಿ ಬಂದವನಿಗೆ ತೆಗೆಯುವುದು ನೆನಪಾಗಿರಲಿಲ್ಲ. ಎಲ್ಲ ಹೇಳಿದೆ. ಪಟ್ಟಿ ಕೆಳಗೆ ಬಂದದ್ದು, ನಾನು ಅಳೆಯದೆ ಸಹಿ ಹಾಕಿದ್ದು, ಎರಡು ಗಂಟೆ ಹೋದದ್ದು. ಅವನ ಮುಖ ಕೆಂಪಾಯಿತು.

“ನಾನು ಯೂನಿಫಾರ್ಮ್ ಹೊಲಿಯೋ ಟೈಲರ್ ಮೇಡಂ. ಒಂದ್ ಜೇಬಿಗೂ ಟೇಪ್ ಇಡ್ದೆ ಕತ್ರಿ ಹಾಕಲ್ಲ. ಅದು ಬಟ್ಟೆ. ಇದು ನನ್ ಮಗಳು.”

“ಹೌದು” ಅಂದೆ.

ಅವನು ಟೇಪನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, “ಈಗ?” ಎಂದು ಕೇಳಿದ.

“ಈಗ ಆಕಳಿಸಿದ್ಲು” ಎಂದರು ಸಿಸ್ಟರ್. ಅವನಿಗೆ ನಗು ಬಂತೋ ಅಳು ಬಂತೋ, ಟೇಪಿನ ತುದಿಯಲ್ಲೇ ಕಣ್ಣೊರೆಸಿಕೊಂಡ. ಅವನು ಮಗುವನ್ನು ನಮ್ಮಲ್ಲೇ ಬಿಟ್ಟ. ಹೇಳದೆ ಮುಚ್ಚಿಟ್ಟಿದ್ದರೆ ಅವನ ಎದುರು ತಲೆಯೆತ್ತಿ ಓಡಾಡಲು ನನ್ನಿಂದ ಆಗುತ್ತಿರಲಿಲ್ಲ, ಇದನ್ನು ಒಪ್ಪಿಕೊಳ್ಳಲು ನನಗೆ ಕೆಲವು ದಿನ ಬೇಕಾದವು.

ಆ ಘಟನೆಯನ್ನು ಸಿಸ್ಟರ್ ರಿಜಿಸ್ಟರಿನಲ್ಲಿ ತಮ್ಮ ಗುಂಡು ಅಕ್ಷರದಲ್ಲಿ ಬರೆದರು, ಯಾರ ಹೆಸರೂ ಹಾಕದೆ. ಬಾಟಲಿಯ ಮೈಮೇಲೇ ಅಳತೆ ಕೆತ್ತಿಸಿ ತಂದರು. ಗೌರಮ್ಮನನ್ನು ಕೂರಿಸಿಕೊಂಡು ಸ್ಕೇಲಿನ ಅಂಕಿ ಕಲಿಸಿದರು. ನಾಲ್ಕು, ಐದು, ಆರು, ಏಳು, ಇಷ್ಟು ಬಂದರೆ ಈ ವಾರ್ಡಿಗೆ ಸಾಕು ಎಂದರು. ಮರುವರ್ಷದಿಂದ ನಮ್ಮ ಶಿಶು ವಾರ್ಡಿನ ಆಯುಧ ಪೂಜೆ ಎಂದರೆ ಇದೇ ಆಯಿತು. ಹೊಸ್ತಿಲಿಗೆ ಹೂವು ಇಟ್ಟು, ಕೈ ತೊಳೆದು ಒಳಬಂದು, ಗೌರಮ್ಮ ಸ್ಕೇಲ್ ಹಿಡಿದು ಒಂದೊಂದೇ ಬಾಟಲಿ ಅಳೆದು ಗಟ್ಟಿಯಾಗಿ ಹೇಳುವುದು, ಡಾಕ್ಟರು ಬಗ್ಗಿ ನೋಡಿ ಹೌದು ಅನ್ನುವುದು. ಆಮೇಲೆ ಪುರಿ ಕಡ್ಲೆ. ಸಿಸ್ಟರ್ ನಿವೃತ್ತರಾದರೂ ಇದು ನಿಲ್ಲುವುದಿಲ್ಲ. ಬೇರೆ ಆಸ್ಪತ್ರೆಯಿಂದ ಬಂದ ಹೊಸ ಡಾಕ್ಟರುಗಳು ಇದೆಂಥ ಶಾಸ್ತ್ರ ಎಂದು ಮುಸಿಮುಸಿ ನಗುತ್ತಾರೆ, ನಾನು ನಗಲಿ ಎಂದು ಬಿಡುತ್ತೇನೆ.

ಶಾಹೀನಳ ಮಗಳು ಇನ್ನೂ ಹನ್ನೊಂದು ದಿನ ಗುಳುಗುಳುವಿನಲ್ಲೇ ಇದ್ದಳು. ಆರಿದ್ದದ್ದು ಐದಾಯಿತು, ಐದು ನಾಲ್ಕಾಯಿತು, ಆಮ್ಲಜನಕ ಬಿಟ್ಟು ಬರೀ ಗಾಳಿ ಸಾಕು ಅನ್ನುವ ಹಂತಕ್ಕೆ ಬಂತು. ಒಂದು ಬೆಳಿಗ್ಗೆ ಸಿಸ್ಟರ್ ಮಗುವಿನ ಎದೆಯನ್ನು ತುಂಬ ಹೊತ್ತು ನೋಡಿ, “ಬುಡಾಣ ಡಾಕ್ಟ್ರಮ್ಮ, ಇವತ್ತು ಇವಳೇ ನೋಡ್ಕತಾಳೆ” ಅಂದರು. ನಾನು ಈ ಸಲ ಎಲ್ಲವನ್ನೂ ಎರಡೆರಡು ಬಾರಿ ಪರೀಕ್ಷಿಸಿ ಆಗಲಿ ಅಂದೆ. ಅವರು ಮೂಗಿನ ಕೊಳವೆಗಳನ್ನು ಮೆಲ್ಲಗೆ ಹೊರತೆಗೆದು ಗಾಳಿಯ ಗುಂಡಿ ತಿರುಗಿಸಿದರು. ಆ ದಿನ ವಾರ್ಡಿನಲ್ಲಿ ಬೇರೆ ಯಾವ ಮಗುವಿಗೂ ಗುಳುಗುಳು ಇರಲಿಲ್ಲ. ಸದ್ದು ಪೂರಾ ನಿಂತಿತು.

ಬಾಗಿಲು ದಢಾರನೆ ತೆರೆಯಿತು. ಶಾಹೀನ್. ಬರಿಗಾಲು, ತಲೆ ಮೇಲಿನ ದುಪಟ್ಟಾ ಜಾರಿ ನೆಲಕ್ಕೆ ಬಿದ್ದಿತ್ತು. ಒಳಗೆ ಬರಬಾರದು, ಕೈ ತೊಳೆಯಬೇಕು, ಯಾವುದೂ ನೆನಪಿರಲಿಲ್ಲ. “ಆವಾಜ್ ನಿಂತೋಯ್ತು! ಸಿಸ್ಟರ್, ಆವಾಜ್ ನಿಂತೋಯ್ತು!”

ಅವಳಿಗೆ ಮೊದಲೇ ಹೇಳಬೇಕಾಗಿತ್ತು. ನಾವಿಬ್ಬರೂ ಮರೆತಿದ್ದೆವು. ಹದಿನಾರು ದಿನದಿಂದ ಆ ಸದ್ದೊಂದನ್ನೇ ಹಿಡಿದುಕೊಂಡು ಬಾಗಿಲಾಚೆ ಬದುಕಿದ್ದವಳು.

ಸಿಸ್ಟರ್ ಗದರಲಿಲ್ಲ. ಅವಳ ರಟ್ಟೆ ಹಿಡಿದು ಸಿಂಕಿಗೆ ಕರೆದೊಯ್ದು ತಾವೇ ಅವಳ ಕೈ ತೊಳೆದರು. ತಂದು ಮಗುವಿನ ಎದೆಯ ಮೇಲೆ ಆ ಅಂಗೈ ಇಡಿಸಿದರು. ಎದೆ ಏಳುತ್ತಿತ್ತು, ಇಳಿಯುತ್ತಿತ್ತು. ಗಾಳಿ ಇಲ್ಲ, ಬಾಟಲಿ ಇಲ್ಲ, ಪೈಪಿಲ್ಲ. ಮೊದಲ ಸಲ ಬಿಡುಗಡೆಯಾದ ಆ ಮೂಗು ಸುಕ್ಕಾಯಿತು, ಹೊಳ್ಳೆ ಅಗಲವಾಯಿತು, ಮಗು ತನ್ನ ಗಾತ್ರಕ್ಕೆ ಮೀರಿದ ಒಂದು ಸೀನು ಸೀನಿತು.

“ನೂರ್ ವರ್ಷ ಬಾಳವ್ವ” ಎಂದರು ಸಿಸ್ಟರ್. ಅದೇ ಉಸಿರಿನಲ್ಲಿ ಶಾಹೀನ್ ಮಗಳ ಪರವಾಗಿ “ಅಲ್‌ಹಮ್ದುಲಿಲ್ಲಾಹ್” ಅಂದಳು. ಗೌರಮ್ಮ ದುಪಟ್ಟಾ ಎತ್ತಿ ಅವಳ ತಲೆಗೆ ಹೊದಿಸಿದಳು. ನಾನು ಗೋಡೆ ಕಡೆ ತಿರುಗಿ ಅತ್ತೆ, ನಾಚಿಕೆಯಿಲ್ಲದೆ ಅತ್ತೆ.

ಸಿಸ್ಟರ್ ತಾವು ಕೂತಿದ್ದಲ್ಲಿಂದ ಎದ್ದು ಶಾಹೀನಳನ್ನು ಅಲ್ಲಿ ಕೂರಿಸಿದರು. ಮಗುವನ್ನು ಎತ್ತಿ ಅವಳ ಕಮೀಜಿನೊಳಗೆ, ಕಿವಿಗೆ ಹತ್ತಿರ, ಎದೆಗೆ ಆನಿಸಿದರು.

“ಇನ್ಮ್ಯಾಲೆ ಕೇಳಿಸ್ಕಳೋ ಕೆಲ್ಸ ನಿಂದು ಕಣವ್ವ” ಎಂದರು.

ಶಾಹೀನ್ ಕಣ್ಣು ಮುಚ್ಚಿದಳು.